ತಣ್ಣನೆಯ ಕಲ್ಲು, ಬೆಣ್ಣೆಯ ಉಂಡೆ

ಆ ಊರಿನ ಹೆಸರು ಹೇಳಿದರೆ ನೀವು ನಾಳೆಯೇ ಗಾಡಿ ಕಟ್ಟಿಸಿಕೊಂಡು ಹೊರಡುತ್ತೀರಿ, ಆಮೇಲೆ ಅಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ, ಅದಕ್ಕೇ ಹೇಳುವುದಿಲ್ಲ. ಆ ಊರಿನಲ್ಲಿ ಬೆಂಕಿಕಡ್ಡಿ ಇರಲಿಲ್ಲ, ಚಕಮಕಿ ಕಲ್ಲು ಇರಲಿಲ್ಲ. ಊರಿನ ಒಲೆಗಳೆಲ್ಲ ಒಂದೇ ಕೆಂಡದ ಮಕ್ಕಳು. ಆ ತಾಯಿಕೆಂಡ ಊರ ನಡುವಿನ ಪಾಠಶಾಲೆಯಲ್ಲಿ, ಗುರುಗಳ ಮುಂದಿನ ಕುಳಿಯಲ್ಲಿ, ಬೂದಿ ಹೊದ್ದು ಮಲಗಿತ್ತು. ಪಾಠಶಾಲೆಯಲ್ಲಿ ಕಲಿಸುತ್ತಿದ್ದದ್ದೂ ಒಂದೇ ವಿದ್ಯೆ: ಕೆಂಡ ಕಾಯುವುದು, ಕೆಂಡ ಒಯ್ಯುವುದು. ಕೆಂಡ ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆಂದು ಆ ಉದ್ದನೆಯ ಕೋಣೆಗೆ ಕಿಟಕಿ ಇಟ್ಟಿರಲಿಲ್ಲ. ಗಾಳಿ ನುಗ್ಗೀತೆಂದು ಬಾಗಿಲು ಮುಚ್ಚಿರುತ್ತಿತ್ತು.

ಕಲಿಯಲು ಬಂದವರಿಗೆ ಒಬ್ಬೊಬ್ಬರಿಗೂ ಒಂದೊಂದು ಕಲ್ಲು. ಅವರವರ ಕಲ್ಲಿನ ಮೇಲೆ ಅವರವರು ಕೂರಬೇಕು. ಪಾಠ ಮುಗಿದ ಮೇಲೆ ಮುಟ್ಟಿ ನೋಡುವವನು ಬರುತ್ತಿದ್ದ. ಅವನ ಕೆಲಸ ಎಲ್ಲರನ್ನೂ ಎಬ್ಬಿಸಿ ಕಲ್ಲಿನ ಮೇಲೆ ಅಂಗೈ ಇಡುವುದು. ಕಲ್ಲು ಬೆಚ್ಚಗಿದ್ದರೆ, "ಬೆಚ್ಚಗಿದೆ, ಇದ್ದಾನೆ." ಕಲ್ಲು ತಣ್ಣಗಿದ್ದರೆ, "ತಣ್ಣಗಿದೆ, ಇಲ್ಲ." ಮುಖ ನೋಡುವ ಪದ್ಧತಿಯೇ ಇರಲಿಲ್ಲ. ಮುಖ ಸುಳ್ಳು ಹೇಳೀತು, ಕಲ್ಲು ಹೇಳೀತೆ ಎಂದು ಹಿರಿಯರು ಕೇಳುತ್ತಿದ್ದರು.

ವರ್ಷದ ಕೊನೆಗೆ ಬೆಣ್ಣೆಯ ದಿನ. ಅಂದು ಗುರುಗಳು ಪ್ರತಿ ಕಲ್ಲಿನ ಮೇಲೂ ಒಂದು ಬೆಣ್ಣೆಯ ಉಂಡೆ ಇಡುತ್ತಿದ್ದರು. ಬೆಣ್ಣೆ ಕರಗಿ ಹರಿದರೆ ಉತ್ತಮ, ಮೆತ್ತಗಾದರೆ ಮಧ್ಯಮ. ಬೆಣ್ಣೆ ಬೆಣ್ಣೆಯಾಗಿಯೇ ಕೂತರೆ ಕಲ್ಲನ್ನು ಬೋರಲು ಹಾಕುವುದು. ಬೋರಲು ಕಲ್ಲಿನವನು ಜನ್ಮದಲ್ಲಿ ಯಾರ ಒಲೆಗೂ ಕೆಂಡ ಒಯ್ಯುವ ಹಾಗಿಲ್ಲ.

ಬಿಟ್ಟು ಹೋಗಲು ದಾರಿ ಇತ್ತು. ಪಾಠಶಾಲೆಯ ಎದುರಿಗೊಂದು ಬೂರುಗದ ಮರ. ಅದರ ಕಾಯಿ ಸಿಡಿದು ಹತ್ತಿ ಹಾರುವ ಮುಂಚೆ, ತನ್ನ ಕಲ್ಲನ್ನು ತಾನೇ ತಲೆಯ ಮೇಲೆ ಹೊತ್ತು, ಗುರುಗಳ ಎದುರು ಬಾಗಿ, ಹೊಸ್ತಿಲು ದಾಟಿ ಹೋಗಬಹುದು. ಅಂಥವನಿಗೆ ಬೆಣ್ಣೆಯಿಲ್ಲ, ಬೋರಲೂ ಇಲ್ಲ. ಮುಂದಿನ ವರ್ಷ ಅದೇ ಕಲ್ಲು ಹೊತ್ತು ಮತ್ತೆ ಬರಬಹುದು. ಹತ್ತಿ ಹಾರಿದ ದಿನವೇ ಬೆಣ್ಣೆಯ ದಿನ, ಆಮೇಲೆ ಹೊಸ್ತಿಲಿನ ಒಳಗಿದ್ದವನಿಗೆ ಬೆಣ್ಣೆ ತಪ್ಪಿದ್ದಲ್ಲ. ದಾರಿ ಇತ್ತು ಅಂದೆನೇ ಹೊರತು ನಡೆದವರಿದ್ದರು ಅನ್ನಲಿಲ್ಲ. ವರ್ಷವಿಡೀ ಕೂತವರ ಮೊಣಕಾಲು ಹಿಡಿದುಕೊಂಡಿರುತ್ತಿತ್ತು. ಏಳಿಸಲಿಕ್ಕೇ ಇಬ್ಬರು ಬೇಕು, ಇನ್ನು ಕಲ್ಲು ಹೊರುವ ಮಾತೆಲ್ಲಿ?

ಇಂಥ ಪಾಠಶಾಲೆಗೆ, ಊರಿಗೆಲ್ಲ ಮಾವನೆನಿಸಿದ್ದ ಮಾವ ಸೇರಿದ್ದು ಮೀಸೆ ನೆರೆತ ಮೇಲೆ. ಹರೆಯವನ್ನೆಲ್ಲ ಅವನು ಕಟ್ಟೆಯಿಂದ ಕಟ್ಟೆಗೆ ಕಥೆ ಹೇಳಿಕೊಂಡು ಕಳೆದಿದ್ದ. ಈಗ ಅಕ್ಕನ ಮಗಳಿಗೆ ಮದುವೆಯಾಗಿತ್ತು, ಹೊಸ ಮನೆಯಲ್ಲಿ ಒಲೆ ಹೂಡಿ ಆಗಿತ್ತು. ಆ ಊರಿನ ಕಟ್ಟಳೆ ಏನೆಂದರೆ, ಹೊಸ ಒಲೆಯ ಮೊದಲ ಕೆಂಡವನ್ನು ಹೆಣ್ಣಿನ ಸೋದರಮಾವನೇ ಒಯ್ಯಬೇಕು, ಅವನ ಕಲ್ಲಿನ ಮೇಲೆ ಬೆಣ್ಣೆ ಕರಗಿರಬೇಕು. ಹುಡುಗಿಗಿದ್ದವನು ಈ ಒಬ್ಬನೇ ಮಾವ. ಅವನು ಮೀಸೆ ತಿರುವಿ ಹೇಳಿದ್ದ:

"ನೋಡ್ತಾ ಇರು ಮಗಳೇ, ನಾನು ತರೋ ಕೆಂಡ ಕಂಡು ಸೂರ್ಯನೇ ಮೋಡದ ಸೆರಗು ಎಳ್ಕೋಬೇಕು."

"ಸೂರ್ಯನ ಸುದ್ದಿ ಬಿಡು ಮಾವ. ನೀನು ಒಂದು ಕಡೆ ಕೂತ್ಕೋ, ಸಾಕು," ಅಂದಿದ್ದಳು ಅವಳು.

"ಕೂರೋದಾ! ನಮ್ಮಜ್ಜ ಕೂತರೆ ಕೂತ ಕಡೆ ಊರು ಬೆಳೀತಿತ್ತು!"

ತಡವಾಗಿ ಬಂದವನಿಗೆ ಕಟ್ಟಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕಲ್ಲು ಸಿಕ್ಕಿತು. ಕೂತ. ಕೂತೇ ಇರುತ್ತಿದ್ದನೋ ಏನೋ. ಆದರೆ ಗುರುಗಳು ಪಾಠ ಹೇಳುತ್ತಿದ್ದದ್ದು ಪಿಸುಮಾತಿನಲ್ಲಿ. ಜೋರಾಗಿ ಆಡಿದರೆ ಉಸಿರು ತಾಕಿ ಕೆಂಡ ಬೇಗ ಉರಿದುಹೋದೀತೆಂಬ ಭಯ. ಪಿಸುಮಾತು ಮುಂದಿನ ಸಾಲಿನವರೆಗೆ ಹೋಗಿ ಅಲ್ಲೇ ಮಲಗಿಬಿಡುತ್ತಿತ್ತು, ಮುಂದಿನ ಸಾಲಿನವರ ಜೊತೆಗೇ. ಕೆಂಡದ ಕುಳಿಯ ಮಗ್ಗುಲಿಗಿದ್ದ ಅವರ ಕಲ್ಲುಗಳು ಅವರು ಕೂರದಿದ್ದರೂ ಬೆಚ್ಚಗಿರುತ್ತಿದ್ದವು. ಹಿಂದಿನ ಸಾಲಿನವರು ಮಾತ್ರ ಕತ್ತಲಲ್ಲಿ ಕಿವಿ ನಿಮಿರಿಸಿಕೊಂಡು ಕೂತಿರುತ್ತಿದ್ದರು.

"ಏನಂದ್ರು ಗುರುಗಳು?" ಎಂದು ಮೊದಲ ದಿನವೇ ಕೇಳಿದವಳು ಮಾವನ ಪಕ್ಕದ ಕಲ್ಲಿನ ಕೋಳಿ ಸಾಕುವವಳು. "ಮಾವ, ನಿನ್ನ ಕಿವಿ ದೊಡ್ಡದಿದೆ, ನಿನಗೇನಾದ್ರೂ ಕೇಳ್ತಾ?"

"ಕೇಳದೆ ಏನು? ಇರು, ಬಂದೆ," ಎಂದು ಮಾವ ಎದ್ದ. ಎದ್ದದ್ದೇ ಎದ್ದದ್ದು.

ಅಂದಿನಿಂದ ಅವನು ಮುಂದೆ ಹೋಗಿ ಕೇಳಿದ, ಹಿಂದೆ ಬಂದು ಹೇಳಿದ. ಮುಂದೆ ಹೋಗಿ ಕೇಳಿದ, ಹಿಂದೆ ಬಂದು ಹೇಳಿದ. ಗುರುಗಳು "ಕೆಂಡಕ್ಕೆ ಬೂದಿ ಹೊದಿಸಬೇಕು" ಎಂದರೆ ಮಾವ ಹಿಂದಿನ ಸಾಲಿಗೆ ಬಂದು, "ಬೂದಿ ಹೊದಿಸಬೇಕಂತೆ. ಹೆಂಗೆ ಅಂದ್ರೆ, ಜ್ವರ ಬಂದ ಮಗೂಗೆ ಕಂಬಳಿ ಹೊದಿಸ್ತೀವಲ್ಲ, ಮೂಗು ಬಿಟ್ಟು, ಹಂಗೆ. ನಮ್ಮಜ್ಜ ಒಂದ್ಸಲ ಮೂಗೂ ಮುಚ್ಚಿಬಿಟ್ಟ. ಕೆಂಡಕ್ಕೆ ಸೀನು ಬಂತು ನೋಡು! ಅವತ್ತು ಹಾರಿದ ಬೂದೀಲಿ ಊರಿನ ಕರಿ ಎಮ್ಮೆ ಎಲ್ಲಾ ಬಿಳಿ ಹಸು ಆಗಿ, ಸಂತೇಲಿ ಒಳ್ಳೆ ಬೆಲೆಗೆ ಹೋದವು" ಎನ್ನುತ್ತಿದ್ದ. ಹಿಂದಿನ ಸಾಲು ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿತ್ತು. ಮೂಗು ಬಿಟ್ಟು ಬೂದಿ ಹೊದಿಸುವುದನ್ನು ಮಾತ್ರ ಯಾರೂ ಮರೆಯುತ್ತಿರಲಿಲ್ಲ.

ಪಾಠ ಮುಗಿಯುತ್ತಿತ್ತು. ಮುಟ್ಟಿ ನೋಡುವವನು ಬರುತ್ತಿದ್ದ. ಮಾವನ ಕಲ್ಲಿನ ಮೇಲೆ ಅಂಗೈ ಇಡುತ್ತಿದ್ದ.

"ತಣ್ಣಗಿದೆ, ಇಲ್ಲ."

"ಅಯ್ಯಾ, ಇಲ್ಲೇ ಇದ್ದೀನಲ್ಲೋ, ನಿನ್ನ ಮೂಗಿನ ತುದೀಲಿ!"

"ಮಾತಾಡಬೇಡ ಮಾವ," ಎನ್ನುತ್ತಿದ್ದ ಅವನು ಕಣ್ಣೆತ್ತದೆ. "ನೀನು ಇಲ್ಲ."

"ಇಲ್ಲದವನ ಜೊತೆ ಮಾತಾಡ್ತಿದ್ದೀಯಲ್ಲ, ನಿನಗೇನಾಗಿದೆ?"

ಮುಟ್ಟಿ ನೋಡುವವನು ಒಂದು ಗಳಿಗೆ ಯೋಚಿಸಿ, ಮುಂದಿನ ಕಲ್ಲಿಗೆ ಹೋಗುತ್ತಿದ್ದ. ಮಾವ ನಗುತ್ತಿದ್ದ. ಬೆಣ್ಣೆಯ ದಿನಕ್ಕೆ ಇನ್ನೂ ಕಾಲವಿದೆ, ನಾಳೆಯಿಂದ ಕೂತರಾಯಿತು, ತನ್ನ ಮೈಯ ಶಾಖಕ್ಕೆ ಒಂದು ವಾರ ಸಾಕು ಎಂಬುದು ಅವನ ಲೆಕ್ಕ. ನಾಳೆ ಬರುತ್ತಿತ್ತು, "ಏನಂದ್ರು ಗುರುಗಳು?" ಬರುತ್ತಿತ್ತು, ಮಾವ ಎದ್ದುಬಿಡುತ್ತಿದ್ದ.

ಹೀಗೆ ಹೀಗೆ ಬೂರುಗದ ಕಾಯಿ ಬಲಿತು ಕಂದುಬಣ್ಣಕ್ಕೆ ತಿರುಗಿತು. ಮರದಡಿ ನಿಂತರೆ ಒಳಗೆ ಬೀಜ ಕುಲುಕುವ ಸದ್ದು. ಅಂದು ಕೋಳಿ ಸಾಕುವವಳು ಮಾವನನ್ನು ಗೋಡೆಯ ಮರೆಗೆ ಕರೆದಳು. ಅವಳ ಸೆರಗಿನಡಿ ಏನೋ ಕೊಕ್ಕೊಕ್ ಎಂದಿತು.

"ಕಾವಿಗೆ ಕೂತ ಕೋಳಿ, ಮಾವ. ಇಂಥ ಬಿಸಿ ಕೋಳಿ ಊರಲ್ಲಿ ಇನ್ನೊಂದಿಲ್ಲ. ರಾತ್ರಿ ಹಗಲು ನಿನ್ನ ಕಲ್ಲಿನ ಮೇಲೆ ಕೂರಿಸ್ತೀನಿ. ನಿನ್ನಿಂದ ನಾವು ಕಲಿತ್ವಿ, ನೀನು ತಣ್ಣಗೆ ಉಳಿದೆ. ನಮಗೆ ಹೊಟ್ಟೆ ಉರಿಯಲ್ವಾ?"

ಮಾವನಿಗೆ ಆಸೆಯಾಯಿತು. ಇದೇನು ಹೊಸದಲ್ಲ. ಹಿಂದೊಮ್ಮೆ ಒಬ್ಬ ಸಾಹುಕಾರನ ಮಗ ಕಲ್ಲಿನ ಮೇಲೆ ಕಾವಿನ ಕೋಳಿ ಕೂರಿಸಿ ತಾನು ಊರು ಸುತ್ತಲು ಹೋಗಿದ್ದ. ಬೆಣ್ಣೆಯ ದಿನ ಬೆಣ್ಣೆ ತುಪ್ಪವಾಯಿತು. ಗುರುಗಳಿಗೆ ಕೇಳದ ಹಾಗೆ ಊರು ನಕ್ಕಿತು: ಕೋಳಿಗೆ ಉತ್ತಮ, ಮರಿಗಳಿಗೆ ಮಧ್ಯಮ. ಕೆಂಡವನ್ನು ಮಾತ್ರ ಸಾಹುಕಾರನ ಮಗನ ಕೈಗೆ ಕೊಟ್ಟರು, ಕೋಳಿಗೆ ಕೈಯಿಲ್ಲವಲ್ಲ.

ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡೇ ಮಾವ ಅಕ್ಕನ ಮಗಳ ಹೊಸ ಮನೆಗೆ ಹೋದ. ಅವಳು ಹಚ್ಚದ ಒಲೆಗೆ ಸಗಣಿ ಸಾರಿಸುತ್ತಿದ್ದಳು. ಪಕ್ಕದ ಮನೆಯಿಂದ ತಂದ ಅನ್ನ ಮೂಲೆಯಲ್ಲಿ ಮುಚ್ಚಿಟ್ಟಿತ್ತು. ಮಾವ ಎಲ್ಲ ಹೇಳಿದ. ಅವಳು ಕೋಳಿಯನ್ನು ನೋಡಿದಳು, ಮಾವನನ್ನು ನೋಡಿದಳು.

"ಬೇಡ ಮಾವ. ಕೋಳಿ ಕಲಿತ ವಿದ್ಯೇಲಿ ನನ್ನ ಅನ್ನ ಬೇಯೋದು ಬೇಡ."

"ಬೆಣ್ಣೆಗೆ ಗೊತ್ತಾಗಲ್ಲ, ಮಗಳೇ."

"ಒಲೆ ಮುಂದೆ ದಿನಾ ಕೂರೋಳು ನಾನು. ನನಗೆ ಗೊತ್ತಾಗುತ್ತೆ." ಅವಳು ಕೈಯ ಸಗಣಿ ಒರೆಸಿಕೊಂಡಳು. "ನೀನು ಕಲ್ಲು ಹೊತ್ತು ದಾಟಿಬಿಡು. ಮುಂದಿನ ವರ್ಷ ಮತ್ತೆ ಹೋಗು. ಒಂದು ವರ್ಷ ಪಕ್ಕದ ಮನೆ ಅನ್ನ ತಿಂತೀನಿ, ಸಾಯಲ್ಲ. ಆದ್ರೆ ನಿನ್ನ ಕಲ್ಲು ಬೋರಲು ಬಿದ್ರೆ ಈ ಒಲೆ ಹಚ್ಚೋರು ಇಲ್ಲ. ಒಂದೇ ಒಂದು ಕೆಲಸ ಮಾವ. ದಾಟು."

"ದಾಟ್ತೀನಿ. ಹಾರಿಕೊಂಡು ದಾಟ್ತೀನಿ. ಕಲ್ಲಿನ ಮೇಲೆ ಇನ್ನೊಂದು ಕಲ್ಲಿಟ್ಟುಕೊಂಡು ದಾಟ್ತೀನಿ!"

"ಒಂದೇ ಸಾಕು," ಅಂದಳು ಅಕ್ಕನ ಮಗಳು. "ಕೋಳಿ ವಾಪಸ್ಸು ಕೊಡು."

ಮರುದಿನ ಬಿಸಿಲೇರುವ ಹೊತ್ತಿಗೆ ಮಾವ ತಲೆಗೆ ಸಿಂಬಿ ಸುತ್ತಿಕೊಂಡು ತನ್ನ ಕಲ್ಲಿನ ಮುಂದೆ ನಿಂತ. ಪಾಠಶಾಲೆಯೆಲ್ಲ ಕತ್ತು ತಿರುಗಿಸಿತು. ಮುಂದಿನ ಸಾಲಿನವರಲ್ಲೊಬ್ಬ ನಕ್ಕ: "ಎತ್ತು ಮಾವ, ಬಾಯಿಂದ ಎತ್ತು. ನಿನ್ನಲ್ಲಿ ಗಟ್ಟಿ ಇರೋದು ಅದೊಂದೇ."

ಮಾವ ಬಗ್ಗಿದ, ಎತ್ತಿದ, ತಲೆಯ ಮೇಲಿಟ್ಟುಕೊಂಡ. ತನಗೇ ಆಶ್ಚರ್ಯ! ವರ್ಷವೆಲ್ಲ ಹಿಂದೆ ಮುಂದೆ ನಡೆದ ಕಾಲು ಕಂಬದ ಹಾಗೆ ನಿಂತಿತ್ತು. ಆದರೆ ಆಶ್ಚರ್ಯಪಟ್ಟದ್ದನ್ನು ತೋರಿಸುವ ಪೈಕಿ ಅಲ್ಲ ಅವನು.

"ಇಷ್ಟೇನಾ? ನಮ್ಮಜ್ಜ ಇಂಥದ್ದನ್ನ ಅಜ್ಜಿ ಮೂಗುತಿಗೆ ಹರಳು ಮಾಡಿಸಿ ಕೊಟ್ಟಿದ್ದ," ಎಂದು ಗುರುಗಳ ಕಡೆ ನಡೆದ.

ಅಂದು ಕೊನೆಯ ಪಾಠ. ಗುರುಗಳು ಕೆಂಡದ ಮೇಲೆ ಬಾಗಿ, ಎಂದಿಗಿಂತ ಮೆಲ್ಲಗೆ, ತಮಗೇ ಹೇಳಿಕೊಂಡ ಹಾಗೆ ಹೇಳುತ್ತಿದ್ದರು: "ಎಲ್ಲ ಕಲಿತ ಮೇಲೂ ಕೆಂಡ ದಾರಿಯಲ್ಲಿ ಆರೀತು. ಆರಿದರೆ ಆರಿತೆಂದು ಹೇಳು. ಆರಿದ್ದನ್ನು ಯಾರ ಒಲೆಗೂ ಇಡಬೇಡ." ಮಾವ ಬಾಗಿದ, ಗುರುಗಳು ತಲೆಯಾಡಿಸಿದರು. ಅಷ್ಟೇ, ಇನ್ನು ತಿರುಗಿ ನಡೆದು ದಾಟುವುದೊಂದೇ ಬಾಕಿ.

ಅವನು ನಡೆದ. ಮುಂದಿನ ಸಾಲು ಕಳೆಯಿತು, ನಡುವಿನ ಸಾಲು ಕಳೆಯಿತು. ಹಿಂದಿನ ಸಾಲು ಬಂತು. ಹೋಗುವವನನ್ನು ತಡೆಯಬಾರದೆಂದು ಕೋಳಿ ಸಾಕುವವಳು ತುಟಿ ಕಚ್ಚಿಕೊಂಡು ಕೂತಿದ್ದಳು. ಮಾವ ಕಾಲಿನಿಂದ ಬಾಗಿಲಿನ ಒಂದು ರೆಕ್ಕೆ ತಳ್ಳಿದ. ಬಿಸಿಲು ಹೊಸ್ತಿಲ ಮೇಲೆ ಬಂದು ಬಿತ್ತು. ಆಚೆ ಬೂರುಗದ ಮರದಡಿ ಅಕ್ಕನ ಮಗಳು ನಿಂತಿದ್ದಳು, ತಲೆಯ ಮೇಲೆ ಕಾಯಿಗಳು ಟಪ್ ಎನ್ನಲು ಹವಣಿಸುತ್ತಿದ್ದವು.

"ಬಾ ಮಾವ, ದಾಟು!"

ಅವನು ಹೊಸ್ತಿಲ ಬಳಿ ಕಾಲೆತ್ತಿದ. ಆಗ ಹಿಂದಿನಿಂದ, ಕೇಳಲೋ ಬೇಡವೋ ಎಂಬಂಥ ಸಣ್ಣ ದನಿಯಲ್ಲಿ, ಯಾರದೋ ಬಾಯಿ ತಪ್ಪಿ ಬಂತು:

"ಏನಂದ್ರು ಗುರುಗಳು?"

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಇವರಿಗೆ ಕೊನೆಯ ಪಾಠ ಹೇಳುವವರಾರು? ನಾಳೆ ಇವರ ಕೈಯ ಕೆಂಡ ದಾರಿಯಲ್ಲಿ ಆರಿದರೆ ಏನು ಮಾಡಿಯಾರು? ಒಂದು ಮಾತು, ಒಂದೇ ಮಾತು ಹೇಳಿ ದಾಟಿದರಾಯಿತೆಂದು ಮಾವ ಕಲ್ಲನ್ನು ಹೊಸ್ತಿಲ ಮೇಲಿಳಿಸಿ ತಿರುಗಿದ.

"ಮಾವಾ!" ಎಂದು ಹೊರಗಿನಿಂದ ಕೂಗು ಬಂತು.

"ಬಂದೆ ಮಗಳೇ, ಬಂದೇಬಿಟ್ಟೆ!" ಎಂದ ಮಾವ, ಹಿಂದಿನ ಸಾಲಿನ ಕಡೆ ನೋಡುತ್ತ. "ಕೆಂಡ ಆರಿದ್ರೆ ಆರಿತು ಅನ್ನಬೇಕಂತೆ. ಅಷ್ಟೇ. ನಮ್ಮಜ್ಜ ಅನ್ನಲಿಲ್ಲ ನೋಡಿ. ಒಂದ್ಸಲ ದಾರೀಲಿ ಕೆಂಡ ಆರಿಹೋಯ್ತು. ಮರ್ಯಾದೆ ಪ್ರಶ್ನೆ! ಆರಿದ ಇದ್ದಿಲಿಗೆ ಕುಂಕುಮ ಮೆತ್ತಿ, ಅಂಗೈ ಸುಟ್ಟವನ ಹಾಗೆ ಹಾ ಹೂ ಅನ್ನುತ್ತ ಒಯ್ದು ಒಲೆಗೆ ಇಟ್ಟ. ಬೀಗರೆಲ್ಲ ಸುತ್ತ ಕೂತರು. ಆಹಾ ಏನು ಶಾಖ ಅಂತ ಕೈ ಕಾಯಿಸ್ಕೊಂಡ್ರು. ಒಬ್ಬ ಬೆವರು ಕೂಡ ಒರೆಸ್ಕೊಂಡ. ಅಕ್ಕಿ ಒಂದು ಮರ್ಯಾದೆ ಇಲ್ಲದ್ದು, ಬೇಯಲಿಲ್ಲ..."

ಹಿಂದಿನ ಸಾಲು ಒಬ್ಬರನ್ನೊಬ್ಬರು ಎಬ್ಬಿಸಿಕೊಂಡು ಅವನ ಸುತ್ತ ನೆರೆಯಿತು. ಅಕ್ಕಿ ಬೇಯಲಿಲ್ಲ ಅಂದಮೇಲೆ ಬೀಗರು ಏನು ತಿಂದರು, ತಿಂದು ಏನೆಂದರು, ಹಸಿ ಅಕ್ಕಿ ಹೊಗಳಿದವರ ಹಲ್ಲು ಏನಾಯಿತು, ಎಲ್ಲ ಹೇಳಬೇಕಾಯಿತು. ಒಂದು ಮಾತು ನೂರು ಮಾತಾಯಿತು. ಬಿಸಿಲು ನೆತ್ತಿಗೆ ಬಂದು ಹೊಸ್ತಿಲ ಮೇಲಿನ ಕಲ್ಲಿನ ಮೇಲೆ ಕಾಲು ಚಾಚಿ ಕೂತಿತು. ಕಥೆ ಮುಗಿಸಿ ಮಾವ ಮೀಸೆಗೆ ಕೈ ಹಾಕಿದರೆ, ಮೀಸೆಯ ಮೇಲೊಂದು ಹತ್ತಿಯ ಎಳೆ.

ಹೊರಗೆ ಆಕಾಶವೆಲ್ಲ ಬೆಳ್ಳಗೆ ಹಾರುತ್ತಿತ್ತು. ಅಕ್ಕನ ಮಗಳು ಆ ಬಿಳುಪಿನ ನಡುವೆ ಎರಡೂ ಕೈ ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಗುರುಗಳು ಬೆಣ್ಣೆಯ ತಟ್ಟೆ ಹಿಡಿದು ಎದ್ದರು. ಮುಂದಿನ ಸಾಲಿನವರು ನೆಲಕ್ಕೆ ಜಾರಿ ಕೂತರು, ಅವರ ಕಲ್ಲುಗಳ ಮೇಲೆ ಬೆಣ್ಣೆ ಕರಗಿ ಹರಿಯಿತು. ಉತ್ತಮ, ಉತ್ತಮ. ನಡುವಿನ ಸಾಲಿನಲ್ಲಿ ಮೆತ್ತಗಾಯಿತು. ಮಧ್ಯಮ, ಮಧ್ಯಮ. ಹಿಂದಿನ ಸಾಲಿನ ಕಲ್ಲುಗಳು, ಎಲ್ಲರೂ ಎದ್ದು ನಿಂತು ಕಥೆ ಕೇಳಿದ್ದರಿಂದ, ಆರಿ ತಣ್ಣಗಾಗಿದ್ದವು. ಅಲ್ಲಿ ಬೆಣ್ಣೆ ಮಲ್ಲಿಗೆ ಮೊಗ್ಗಿನ ಹಾಗೆ ಗಟ್ಟಿಯಾಗಿ ಕೂತಿತು. ಮುಟ್ಟಿ ನೋಡುವವನು ಕಲ್ಲು ಬೋರಲು ಹಾಕಲು ಅಂಗಿಯ ತೋಳು ಮಡಚಿಕೊಂಡ. ಕೊನೆಯ ಉಂಡೆ ಗುರುಗಳ ಕೈಯಲ್ಲಿತ್ತು, ಕೊನೆಯ ಕಲ್ಲಿನ ಜಾಗ ಖಾಲಿ. ತಡವರಿಸುತ್ತ ಅವರು ಹೊಸ್ತಿಲವರೆಗೆ ಬಂದರು. ಎಷ್ಟು ಕಾಲವಾಗಿತ್ತೋ ಅವರು ಅಷ್ಟು ದೂರ ಬಂದು! ಬೆಳಕಿಗೆ ಕಣ್ಣು ಮುಚ್ಚಿಹೋಯಿತು. ಕೈಯಾಡಿಸಿ ಕಲ್ಲು ಹುಡುಕಿ, ಬೆಣ್ಣೆ ಇಡಲು ಅಂಗೈ ಊರಿದರು.

"ಅಯ್ಯಯ್ಯೋ!"

ಗುರುಗಳ ಬಾಯಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ಅಂದೇ ಊರಿಗೆ ಗೊತ್ತಾದದ್ದು. ಬೆಣ್ಣೆ ಕಲ್ಲಿಗೆ ತಾಕಿದ್ದೇ ಚುರ್ರೆಂದು ಹರಿದು ಹೊಸ್ತಿಲಿನ ಎರಡೂ ಕಡೆ ಇಳಿಯಿತು.

"ಇಂಥ ಬಿಸಿ ನಾನು ಕಂಡಿಲ್ಲ," ಎಂದರು ಗುರುಗಳು, ಅಂಗೈಯನ್ನು ಊದಿಕೊಳ್ಳುತ್ತ. "ಯಾರು ಇಷ್ಟು ಗಟ್ಟಿಯಾಗಿ ಕೂತವರು? ಮಾವ, ನೀನೆ?"

ಹೂಂ ಅಂದರೆ ಸಾಕಿತ್ತು. ಹೂಂ ಅನ್ನಲು ಆ ಊರಿನಲ್ಲಿ ಅವನಷ್ಟು ಯೋಗ್ಯರು ಇರಲಿಲ್ಲ. ಅವನ ಅಜ್ಜನೂ ನಾಲಿಗೆಯ ತುದಿಗೆ ಬಂದು ನಿಂತಿದ್ದ. ಮಾವ ಮರದ ಕಡೆ ನೋಡಿದ. ಅಲ್ಲಿ ನಿಂತವಳು ತಲೆ ಅಲ್ಲಾಡಿಸಲಿಲ್ಲ, ಕಣ್ಣು ತೆಗೆಯಲೂ ಇಲ್ಲ.

"ನಾನಲ್ಲ ಗುರುಗಳೇ," ಅಂದ ಮಾವ. "ಸೂರ್ಯ ಕೂತಿದ್ದ."

ಯಾರೂ ನಗಲಿಲ್ಲ.

"ನಾನು ವರ್ಷವೆಲ್ಲ ಕೂರಲೇ ಇಲ್ಲ. ನೀವು ಹೇಳಿದ್ದನ್ನ ಇವರಿಗೆ ಹೇಳ್ತಾ ಓಡಾಡಿದೆ. ಕಲ್ಲು ನನ್ನದು, ಬಿಸಿ ನನ್ನದಲ್ಲ. ಆರಿದ್ದನ್ನ ಆರಿತು ಅನ್ನಬೇಕು ಅಂತ ನೀವೇ ಅಂದ್ರಲ್ಲ."

"ಅದನ್ನು ನೀನು ಕೇಳಿಸಿಕೊಂಡೆಯಾ?" ಗುರುಗಳು ಅವನ ಸುತ್ತ ನಿಂತವರ ಕಡೆ ಮುಖ ತಿರುಗಿಸಿದರು. "ಇವರೂ ಕೇಳಿಸಿಕೊಂಡರೆ?"

"ಆರಿದ್ರೆ ಆರಿತು ಅನ್ನಬೇಕು," ಎಂದಳು ಕೋಳಿ ಸಾಕುವವಳು. "ಕುಂಕುಮ ಮೆತ್ತಬಾರದು," ಎಂದ ಇನ್ನೊಬ್ಬ. "ಅಕ್ಕಿ ಬೇಯಲ್ಲ," ಎಂದಿತು ಹಿಂದಿನ ಸಾಲು ಒಟ್ಟಿಗೆ.

ಕುಂಕುಮದ ಮಾತು ಯಾವಾಗ ಹೇಳಿದೆನೆಂದು ಗುರುಗಳು ಸ್ವಲ್ಪ ಹೊತ್ತು ನೆನಪಿಸಿಕೊಂಡರು. ಮುಂದಿನ ಸಾಲಿನವರು ತಕರಾರು ತೆಗೆದರು: "ಕೂರದವನಿಗೆ ಕೆಂಡವೆ? ಇದು ಯಾವ ನ್ಯಾಯ?" ಎದ್ದು ನಿಂತು ಹೇಳಬೇಕೆಂದಿದ್ದರು, ಮೊಣಕಾಲು ಒಪ್ಪಲಿಲ್ಲ.

"ಕೋಳಿ ಕೂತದ್ದಕ್ಕೆ ಕೆಂಡ ಕೊಟ್ಟವನು ನಾನು," ಎಂದರು ಗುರುಗಳು. ಗುರುಗಳಿಗೆ ಗೊತ್ತಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. "ಸೂರ್ಯ ಕೂತದ್ದಕ್ಕೆ ಇಲ್ಲವೆನ್ನಲೆ? ಅವನು ಹೊಸ್ತಿಲಿಗೆ ಬಂದು ಎಷ್ಟು ವರ್ಷದಿಂದ ಕಾದಿದ್ದನೋ. ಅವನ ಕೆಂಡ, ಕಲ್ಲು ಯಾರದೋ ಅವರ ಕೈಗೆ. ಮಾವ, ಮಡಕೆ ತಾ."

ಮುಟ್ಟಿ ನೋಡುವವನು ಹಿಂದಿನ ಸಾಲಿನ ಮೊದಲ ಕಲ್ಲಿಗೆ ಕೈ ಹಾಕಿದ್ದ. "ಇವನ್ನು ಬೋರಲು ಹಾಕಲೆ?"

"ಕಲ್ಲು ಮುಟ್ಟಬೇಡ," ಎಂದರು ಗುರುಗಳು. "ಬಾಗಿಲು ತೆಗೆ. ಎರಡೂ ರೆಕ್ಕೆ."

ಬಾಗಿಲು ತೆರೆಯಿತು. ಬಿಸಿಲು ಹೊಸ್ತಿಲು ದಾಟಿ, ಯಾರನ್ನೂ ಕೇಳದೆ, ಹಿಂದಿನ ಸಾಲಿನ ಕಲ್ಲುಗಳ ಮೇಲೆ ಬಂದು ಕೂತಿತು. ಬೆಣ್ಣೆಯ ಮಲ್ಲಿಗೆ ಮೊಗ್ಗುಗಳು ಒಂದೊಂದಾಗಿ ಬಾಡಲು ಶುರುವಾದವು.

ಮಾವ ಕೆಂಡ ಹೊತ್ತು ಹೊರಟ. ಹಿಂದಿನ ಸಾಲಿನವರು ಗಾಳಿಗೆ ಅಡ್ಡವಾಗಿ ಅವನ ಸುತ್ತ ನಡೆದರು. ಮೂಗು ಬಿಟ್ಟು ಬೂದಿ ಹೊದಿಸಿದ್ದರು. ಅಕ್ಕನ ಮಗಳು ಎಲ್ಲರಿಗಿಂತ ಮುಂದೆ ಓಡಿ ಒಲೆಯ ಬಾಯಿಗೆ ತರಗು ತುಂಬಿ ಕಾದಳು. ಬೀಗರೆಲ್ಲ ನೆರೆದಿದ್ದರು. ಕೆಂಡ ಒಲೆಗಿಳಿಯಿತು, ಊದುಗೊಳವೆ ಆಡಿತು, ಜ್ವಾಲೆ ಎದ್ದಿತು.

"ಯಾರ ಕೈಯ ಬಿಸಿಯಪ್ಪಾ ಇದು, ಹೀಗೆ ಹತ್ತಿಕೊಳ್ತು!" ಎಂದಳು ಹುಡುಗಿಯ ಅತ್ತೆ.

"ನನ್ನದಲ್ಲ ಬೀಗಿತಿಯವರೇ," ಎಂದ ಮಾವ. "ಸೂರ್ಯ ಬಂದು ನನ್ನ ಕಲ್ಲಿನ ಮೇಲೆ ಕೂತಿದ್ದ. ಗುರುಗಳ ಕೈ ಸುಟ್ಟುಹೋಯ್ತು. ಅವನಿಗೆ ಸಂಜೆವರೆಗೂ ಕೆಲಸ ನೋಡಿ, ನನ್ನ ಕೈಲಿ ಕಳಿಸಿದ."

ಅತ್ತೆ ಸೆರಗು ಬಾಯಿಗಿಟ್ಟು ನಕ್ಕಳು. ಬೀಗರು ತೊಡೆ ತಟ್ಟಿಕೊಂಡು ನಕ್ಕರು. "ನಿಮ್ಮ ಮಾವನ ಬಾಯಲ್ಲಿ ಒಂದಾದ್ರೂ ನಿಜ ಬರುತ್ತೇನಮ್ಮ?"

"ಇಲ್ಲ ಅತ್ತೆ," ಎಂದಳು ಅಕ್ಕನ ಮಗಳು, ಮಾವನ ಮೀಸೆಯಿಂದ ಹತ್ತಿಯ ಎಳೆ ತೆಗೆಯುತ್ತ. "ಬಲು ಸುಳ್ಳ."

ಅವಳು ಎಸರಿಟ್ಟು ಅಕ್ಕಿ ಹಾಕಿದಳು. ಅಕ್ಕಿ ಯಾರ ಮಾತನ್ನೂ ಕೇಳುವುದಲ್ಲ, ಅಂದೂ ಕೇಳಲಿಲ್ಲ. ತನ್ನ ಪಾಡಿಗೆ ತಾನು ಬೆಂದಿತು.